ಸಹಾರಾದ ಕಲ್ಲಾಸರೆ ಚಿತ್ರಗಳು: ಅಧ್ಯಯನದ ಇತಿಹಾಸ

ಆಲ್ಜೀರಿಯಾದ ಆಗ್ನೇಯ ಮೂಲೆಯಲ್ಲಿ, ಲಿಬಿಯಾದ ಗಡಿಗೆ ಆತುಕೊಂಡಂತೆ ತಸ್ಸಿಲಿ ನಜ್ಜೆರ್ ಎಂಬ ಮರಳುಗಲ್ಲಿನ ಪ್ರಸ್ಥಭೂಮಿ ಹಬ್ಬಿದೆ. ಹುಲ್ಲುಕಡ್ಡಿಗೂ ಬರವಿರುವ ಈ ನೆಲದ ಕಲ್ಲಾಸರೆಗಳಲ್ಲಿ ದನದ ಹಿಂಡುಗಳಿವೆ, ಜಿರಾಫೆಗಳಿವೆ, ನೀರಾನೆಗಳೂ ಇವೆ. ಬಣ್ಣದಲ್ಲಿ ಬರೆದವು, ಬಂಡೆಯಲ್ಲಿ ಕೊರೆದವು ಸೇರಿ ಚಿತ್ರಗಳ ಸಂಖ್ಯೆ 15,000 ದಾಟುತ್ತದೆ. ಸುಮಾರು 11,000ದಿಂದ 5,000 ವರ್ಷಗಳ ಹಿಂದಿನವರೆಗೆ ಸಹಾರಾ ಹಸಿರಾಗಿತ್ತು. ಆ ಹಸಿರಿನ ಸುಳಿವನ್ನು ಮೊದಮೊದಲು ಕೊಟ್ಟವುಗಳಲ್ಲಿ ಈ ಬಂಡೆಗಳೂ ಸೇರಿವೆ.

1850ರಲ್ಲಿ ಜರ್ಮನಿಯ ಹೈನ್ರಿಖ್ ಬಾರ್ಟ್ ಲಿಬಿಯಾದ ಫೆಜ್ಜಾನ್ ಸೀಮೆಯಲ್ಲಿ ಬಂಡೆಯ ಮೇಲೆ ಕೊರೆದ ದನಗಳನ್ನು ಕಂಡರು. ಅವರ ಗಮನ ಸೆಳೆದದ್ದು ಅಲ್ಲಿ ಇಲ್ಲದಿದ್ದ ಪ್ರಾಣಿ. ಒಂಟೆಯಿಲ್ಲದೆ ಹೆಜ್ಜೆಯಿಡಲಾಗದ ದಾರಿಯಲ್ಲಿ ಒಂದೂ ಒಂಟೆಯ ಚಿತ್ರವಿರಲಿಲ್ಲ. ಹಾಗಾದರೆ ಇವು ಒಂಟೆ ಬರುವುದಕ್ಕೂ ಹಿಂದಿನ ಕಾಲದವು ಎಂದು ಅವರು ತರ್ಕಿಸಿದರು. ಉತ್ಖನನವಾಗಲಿ ಪ್ರಯೋಗಾಲಯವಾಗಲಿ ಇಲ್ಲದೆ ಮಾಡಿದ ಈ ಊಹೆ ಇಂದಿಗೂ ನಿಂತಿದೆ.

1930ರ ದಶಕದಲ್ಲಿ ಫ್ರೆಂಚ್ ಒಂಟೆದಳದ ಅಧಿಕಾರಿ ಬ್ರೆನಾನ್ ತಸ್ಸಿಲಿಯ ಚಿತ್ರಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ತಂದರು. ಅತ್ತ ಈಜಿಪ್ಟಿನ ಗಿಲ್ಫ್ ಕೆಬೀರ್‌ನಲ್ಲಿ ಹಂಗೇರಿಯ ಅಲ್ಮಾಶಿ 1933ರಲ್ಲಿ ‘ಈಜುಗಾರರ ಗುಹೆ’ಯನ್ನು ಜಗತ್ತಿಗೆ ತೋರಿಸಿದರು.

ಹೆಚ್ಚು ಹೆಸರಾದದ್ದು ಫ್ರೆಂಚ್ ಸಂಶೋಧಕ ಆಂರಿ ಲೋಟ್ ಅವರ ಯಾತ್ರೆ. 1956ರಲ್ಲಿ ಅವರು ಚಿತ್ರಕಾರರ ತಂಡ ಕಟ್ಟಿಕೊಂಡು ತಸ್ಸಿಲಿ ಪ್ರಸ್ಥಭೂಮಿ ಹತ್ತಿದರು. ದಾರಿ ತೋರಿದವರು ತುವಾರೆಗ್ ಜನಾಂಗದ ಜೆಬ್ರೀನ್. ಯಾವ ಕಣಿವೆಯಲ್ಲಿ ಏನಿದೆ ಎಂಬುದನ್ನು ಬಲ್ಲ ಈ ಮನುಷ್ಯನಿಗೆ ಅಧ್ಯಯನದ ಇತಿಹಾಸದಲ್ಲಿ ಇನ್ನೂ ದೊಡ್ಡ ಜಾಗ ಸಲ್ಲಬೇಕು. ತಂಡದವರು ಮೂಲದಷ್ಟೇ ದೊಡ್ಡ ಪ್ರತಿಗಳನ್ನು ಕಾಗದದ ಮೇಲೆ ಬರೆದರು. 1957ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆದು ತಸ್ಸಿಲಿ ಮನೆಮಾತಾಯಿತು. ತಸ್ಸಿಲಿಯ ಜಬ್ಬಾರೆನ್ ಎಂಬಲ್ಲಿನ ಭಾರೀ ದುಂಡುತಲೆಯ ಆಕೃತಿಗೆ ಲೋಟ್ ‘ಮಂಗಳ ಗ್ರಹದ ದೇವರು’ ಎಂದು ಅಡ್ಡಹೆಸರಿಟ್ಟರು. ಅನ್ಯಗ್ರಹವಾಸಿಗಳ ಕಥೆ ಕಟ್ಟುವವರು ಅದನ್ನೇ ಹಿಡಿದುಕೊಂಡರು.

ಆದರೆ ಹಾನಿಯೂ ಆಯಿತು. ಮಸುಕಾದ ಬಣ್ಣ ಎದ್ದು ಕಾಣಲೆಂದು ತಂಡದವರು ಚಿತ್ರಗಳನ್ನು ಒದ್ದೆ ಸ್ಪಂಜಿನಿಂದ ಒರೆಸಿದರು. ಸಾವಿರಾರು ವರ್ಷ ಬಿಸಿಲು, ಗಾಳಿ ತಾಳಿದ್ದ ಬಣ್ಣ ಇದರಿಂದ ಪೆಟ್ಟು ತಿಂದಿತು. ಪ್ರತಿಗಳಲ್ಲಿ ತಪ್ಪುಗಳು ನುಸುಳಿದವು. ಹಕ್ಕಿತಲೆಯ ದೇವತೆಯರ ಚಿತ್ರವಂತೂ ತಂಡದವರದೇ ಕೈವಾಡವೆಂದು ಆಮೇಲೆ ಬಯಲಾಯಿತು.

ಇದೇ ಹೊತ್ತಿಗೆ ಗಡಿಯಾಚೆ ಲಿಬಿಯಾದ ಅಕಾಕುಸ್ ಬೆಟ್ಟಗಳಲ್ಲಿ ಇಟಲಿಯ ಫಾಬ್ರಿಟ್ಸಿಯೊ ಮೋರಿ ಇನ್ನೊಂದು ದಾರಿ ಹಿಡಿದಿದ್ದರು. ಗೋಡೆಯನ್ನು ನೋಡುವುದರ ಜೊತೆಗೆ ಅದರ ಬುಡವನ್ನೂ ಅಗೆಯುವುದು. 1958ರಲ್ಲಿ ಉವಾನ್ ಮುಹುಜ್ಜಾಜ್‌ನ ಕಲ್ಲಾಸರೆಯ ನೆಲದಲ್ಲಿ ಪುಟ್ಟ ಮಗುವಿನ ಮಮ್ಮಿ ಸಿಕ್ಕಿತು. ಜಿಂಕೆಯ ಜಾತಿಯ ಪ್ರಾಣಿಯ ಚರ್ಮ ಸುತ್ತಿದ್ದರು, ಕೊರಳಿಗೆ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಸರವಿತ್ತು. ಐದು ಸಾವಿರ ವರ್ಷಕ್ಕೂ ಹಿಂದೆ ಆ ಮಗುವನ್ನು ಮಣ್ಣು ಮಾಡಿದ್ದರು. ದನಗಾಹಿಗಳ ಬದುಕು ಗೋಡೆಯಿಂದ ನೆಲಕ್ಕಿಳಿದು ಕಣ್ಣಿಗೆ ಬಿತ್ತು.

ಕಾಲನಿರ್ಣಯ ಮಾತ್ರ ಇಂದಿಗೂ ಕಗ್ಗಂಟು. ಚಿತ್ರಗಳಿಗೆ ಬಳಸಿದ ಕೆಮ್ಮಣ್ಣು ಖನಿಜ, ಅದರಲ್ಲಿ ಜೀವಜನ್ಯ ಇಂಗಾಲವಿರದ ಕಾರಣ ರೇಡಿಯೊಕಾರ್ಬನ್ ಪರೀಕ್ಷೆ ನಡೆಯುವುದಿಲ್ಲ. ಹೀಗಾಗಿ ದುಂಡುತಲೆ, ದನಗಾಹಿ, ಕುದುರೆ, ಒಂಟೆ ಎಂಬ ಘಟ್ಟಗಳನ್ನು ಶೈಲಿ ನೋಡಿ ಗುರುತಿಸಲಾಗಿದೆ. ದುಂಡುತಲೆಯ ಘಟ್ಟ ಎಷ್ಟು ಹಳೆಯದು ಎಂಬುದರಲ್ಲಿ ವಿದ್ವಾಂಸರ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ದನಗಾಹಿಗಳ ಕಾಲಕ್ಕೆ ಪಕ್ಕಾ ಪುರಾವೆ ಅಡುಗೆಯ ಪಾತ್ರೆಯಿಂದ ಬಂದದ್ದೂ ಉಂಟು: ಅಕಾಕುಸ್‌ನ ತಕರ್ಕೋರಿಯಲ್ಲಿ ಸಿಕ್ಕ ಮಡಕೆಚೂರುಗಳು ಹಾಲಿನ ಕೊಬ್ಬನ್ನು ಹೀರಿಕೊಂಡಿದ್ದವು. ಸುಮಾರು 7,000 ವರ್ಷಗಳ ಹಿಂದೆಯೇ ಅಲ್ಲಿ ಹೈನುಗಾರಿಕೆ ಇತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ತಸ್ಸಿಲಿ 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆಲ್ಜೀರಿಯಾದವರೇ ಆದ ಮಲಿಕಾ ಹಶೀದ್ ಅವರಂಥವರು ಈಗ ಈ ಕ್ಷೇತ್ರದ ಪ್ರಮುಖರು. ಡಿಜಿಟಲ್ ಫೋಟೊದ ಬಣ್ಣಗಳನ್ನು ಹಿಗ್ಗಿಸುವ ‘ಡಿಸ್ಟ್ರೆಚ್’ ತಂತ್ರಾಂಶದಿಂದ, ಬರಿಗಣ್ಣಿಗೆ ಕಾಣದಷ್ಟು ಮಾಸಿದ ಆಕೃತಿಗಳನ್ನೂ ಬಂಡೆ ಮುಟ್ಟದೆ ಓದಲು ಸಾಧ್ಯವಾಗಿದೆ.