ಹತ್ತಿ ಹೊಲದ ಸೊನ್ನೆ

ಡೇಟಾಬೇಸ್ ಅಂದ್ರೆ ನಮ್ಮಂಥ ಸಾಫ್ಟ್‌ವೇರಿನವರಿಗೆ ಬ್ಯಾಂಕು, ರೈಲ್ವೆ ಟಿಕೆಟ್ಟುಗಳೇ ನೆನಪಾಗೋದು. ಶಹಾಪುರ, ಸುರಪುರದ ಹತ್ತಿ ಹುಳಕ್ಕೂ ಒಂದು ಡೇಟಾಬೇಸ್ ಬಂದಿತ್ತು, ಗೊತ್ತಾ?

ರಾಯಚೂರು ಕೃಷಿ ವಿಶ್ವವಿದ್ಯಾಲಯ ಶುರುವಾಗಿದ್ದು 2008ರಲ್ಲಿ, ಯಾದಗಿರಿ ಜಿಲ್ಲೆಯಾಗಿದ್ದು 2009ರ ಕೊನೆಗೆ. ಮುಂದಿನ ದಶಕದಲ್ಲಿ ಆ ವಿ.ವಿ.ಯವರು ಬೆಂಗಳೂರಿನ ಟೆನೆ ಕಂಪನಿ ಜೊತೆ ಸೇರಿ 'ಇ-ಸ್ಯಾಪ್' ತಂದರು. ಸಿಬ್ಬಂದಿ ಹೊಲಕ್ಕಿಳಿದು ಕೀಟ ಗುರುತಿಸಿ, ಎಣಿಸಿ, ಟ್ಯಾಬ್‌ನಲ್ಲಿ ತುಂಬೋದು. ನೆಟ್‌ವರ್ಕ್ ಇಲ್ಲದಿದ್ರೂ ನಡೀತಿತ್ತು, ಸಿಕ್ಕಾಗ ಲೆಕ್ಕ ವಿಜ್ಞಾನಿಗಳಿಗೆ ಹೋಗ್ತಿತ್ತು.

ಎಣಿಕೆ ಯಾಕೆ ಬೇಕು ಅನ್ನೋದಕ್ಕೆ 2015ನೇ ಇಸವಿ ಸಾಕು. ರಾಯಚೂರು-ಯಾದಗಿರಿ ಕಡೆಯ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಬಿತ್ತು. ಈ ಹುಳ ಕಾಯೊಳಗೇ ಕೂತು ತಿನ್ನುತ್ತೆ, ಹೊರಗೆ ಕಾಯಿ ಚೆನ್ನಾಗೇ ಕಾಣುತ್ತೆ. ಗೊತ್ತಾಗೋ ಹೊತ್ತಿಗೆ ಔಷಧಿ ಹೊಡೆದೂ ಉಪಯೋಗವಿಲ್ಲ. ಅದಕ್ಕೇ ಮೋಹಕ ಬಲೆ. ಒಂದು ಬಲೆಗೆ ದಿನಕ್ಕೆ 8 ಪತಂಗದಂತೆ ಸತತ 3 ದಿನ ಬಿದ್ದರೆ ಎಚ್ಚರ!

ಪತಂಗ ಬೀಳದ ದಿನ ಸೊನ್ನೆಯನ್ನೂ ಬರೀಬೇಕು ಅಂತೀನಿ ನಾನು. ಖಾಲಿ ಬಿಟ್ಟರೆ ಹುಳ ಇರಲಿಲ್ಲವೋ, ನೋಡೋರೇ ಬರಲಿಲ್ಲವೋ... (ಸೊನ್ನೆಗೂ 'ನಲ್'ಗೂ ಇರೋ ಹಳೇ ಜಗಳ ಇಲ್ಲೂ ಬಂತು :) )

2024ರ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದು ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ ತಂತು. ರೈತರೇ ಫೋಟೋ ತೆಗೆದು ಕಳಿಸಬಹುದು. ಒಳ್ಳೇದೇ. ಆದ್ರೆ ಹೊರಗಿಂದ ಚೆನ್ನಾಗಿ ಕಾಣೋ ಕಾಯಿಯ ಫೋಟೋ ಯಾರು ಕಳಿಸ್ತಾರೆ?