ಹಳೆಯ ಎಸ್‌ಯುವಿಗೆ ಟಯರ್ ಹಾಕಿಸುವ ಮುನ್ನ: ಗ್ರಿಪ್ ಮಾತ್ರವಲ್ಲ, ಇಸವಿಯನ್ನೂ ನೋಡಿ

ಎರಡು ವರ್ಷದ ಹಿಂದೆ, ಜೂನ್ ತಿಂಗಳ ಮೊದಲ ಮಳೆ. ಭಾವನ ಹಳೆಯ ಬೊಲೆರೊದಲ್ಲಿ ಉಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಉಪ್ಪಳ ದಾಟಿದ ಮೇಲೆ ಎದುರಿನ ಆಟೋ ತಟ್ಟನೆ ನಿಂತಿತು. ಬ್ರೇಕ್ ಒತ್ತಿದೆ. ಗಾಡಿಯ ಹಿಂಭಾಗ ಜಾರಿ, ರಸ್ತೆಗೆ ಅಡ್ಡವಾಗಿ ನಿಂತಿತು. ಹಿಂದೆ ಲಾರಿ ಇರಲಿಲ್ಲ, ಅಲ್ಲಾಹನ ದಯೆ.

ಇಳಿದು ನೋಡಿದರೆ ನಾಲ್ಕೂ ಟಯರಿನಲ್ಲಿ ಗ್ರಿಪ್ ಚೆನ್ನಾಗಿಯೇ ಇತ್ತು. ಭಾವ ಇರುವುದು ಗಲ್ಫ್‌ನಲ್ಲಿ. ಗಾಡಿ ವರ್ಷದಲ್ಲಿ ಹತ್ತು ತಿಂಗಳು ಅಂಗಳದಲ್ಲೇ ನಿಲ್ಲುತ್ತಿತ್ತು. ತಯಾರಾದ ಇಸವಿ ಹುಡುಕಿದಾಗ ವಿಷಯ ಗೊತ್ತಾಯ್ತು: ಟಯರಿಗೆ ಒಂಬತ್ತು ವರ್ಷ! ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿತ್ತು. ಆ ಗಾಡಿಯನ್ನು ಈಗ ನಾನೇ ತೆಗೆದುಕೊಂಡಿದ್ದೇನೆ, ವ್ಯಾಪಾರಕ್ಕೆ ದಿನಾ ಮಂಗಳೂರಿಗೆ ಹೋಗಿ ಬರುತ್ತೇನೆ. ಅಂದಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಸವಿ ಎಲ್ಲಿದೆ?

ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಸಣ್ಣ ಸಂಖ್ಯೆ ಇರುತ್ತದೆ. 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕೆಲವು ಟಯರುಗಳಲ್ಲಿ ಇದು ಒಂದೇ ಬದಿಯಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಒಳಬದಿ ನೋಡಿ. ಐದು ವರ್ಷ ದಾಟಿದ ಟಯರನ್ನು ಪ್ರತಿವರ್ಷ ಪರೀಕ್ಷಿಸಿ. ಬದಿಯಲ್ಲಿ ಕೂದಲಿನಂತಹ ಬಿರುಕು ಕಂಡರೆ ಗ್ರಿಪ್ ಎಷ್ಟೇ ಇದ್ದರೂ ಬದಲಿಸಿ. ಹತ್ತು ವರ್ಷವಾಗಿದ್ದರೆ ಯೋಚನೆಯೇ ಬೇಡ.

ಯುಎಇಯಲ್ಲಿ ಅವಧಿ ಮುಗಿದ ಟಯರ್ ಹಾಕಿ ಓಡಿಸಿದರೆ 500 ದಿರ್ಹಮ್ ದಂಡ, ಜೊತೆಗೆ 4 ಬ್ಲ್ಯಾಕ್ ಪಾಯಿಂಟ್. ಅಲ್ಲಿ ಹೆದರಿ ಬದಲಿಸುವ ನಮ್ಮವರು ಊರಿಗೆ ಬಂದಾಗ "ಗ್ರಿಪ್ ಉಂಟಲ್ಲ, ಇನ್ನೊಂದು ಮಳೆಗಾಲ ಹೋಗ್ತದೆ" ಅಂತಾರೆ. ಮನೆಯವರನ್ನು ಕೂರಿಸಿಕೊಂಡು ಹೋಗುವುದು ಇಲ್ಲಿಯ ಗಾಡಿಯಲ್ಲೇ ಅಲ್ವಾ?

ದಿನಾ ಓಡುವ ಗಾಡಿಯ ಕತೆ ಬೇರೆ. ಉಪ್ಪಳದಿಂದ ಮಂಗಳೂರಿಗೆ ಹೋಗಿ ಬರಲು ಸುಮಾರು 60 ಕಿ.ಮೀ. ತಿಂಗಳಿಗೆ 25 ದಿನ ಅಂದರೆ ವರ್ಷಕ್ಕೆ 18,000 ಕಿ.ಮೀ. ಇಲ್ಲಿ ವಯಸ್ಸಾಗುವ ಮೊದಲೇ ಟಯರ್ ಸವೆಯುತ್ತದೆ. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬುದು ಕಾನೂನು. ಗೆರೆಯೊಳಗಿನ ಸಣ್ಣ ಉಬ್ಬು ಟಯರಿನ ಮೇಲ್ಮೈಗೆ ಸಮವಾದರೆ ಆ ಮಿತಿ ಮುಟ್ಟಿತು ಎಂದು ತಿಳಿಯಿರಿ. ಆದರೆ ನಮ್ಮ ಜಿಲ್ಲೆಯ ಮಳೆಗೆ ಅಲ್ಲಿಯವರೆಗೆ ಕಾಯಬೇಡಿ. ನೀರು ಹೊರಹೋಗಲು ಗೆರೆಯಲ್ಲಿ ಜಾಗ ಇಲ್ಲದಿದ್ದರೆ ಟಯರ್ ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. 3 ಮಿ.ಮೀ.ಗೆ ಬಂದಿದ್ದರೆ ಮೇ ತಿಂಗಳಲ್ಲೇ ಬದಲಿಸಿ.

ಹಳೆಯ ಟಯರ್ ಏನು ಹೇಳುತ್ತದೆ?

ಬಿಚ್ಚಿದ ಟಯರನ್ನು ಒಮ್ಮೆ ಸರಿಯಾಗಿ ನೋಡಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಬುಷ್, ಬಾಲ್ ಜಾಯಿಂಟ್ ಹೋಗಿದೆ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಹಳೆಯ ಎಸ್‌ಯುವಿಯಲ್ಲಿ ಇದನ್ನು ಸರಿಮಾಡಿಸದೆ ಹೊಸ ಟಯರ್ ಹಾಕಿಸಿದರೆ ಕೆಲವೇ ತಿಂಗಳಲ್ಲಿ ಹಣ ರಸ್ತೆಪಾಲು.

ಸೈಜ್ ಬದಲಿಸಬೇಕೇ?

ಉದಾಹರಣೆಗೆ 215/75 ಆರ್15 100 ಎಸ್ ಎಂದಿದೆ ಎನ್ನಿ. 215 ಎಂದರೆ ಟಯರಿನ ಅಗಲ, ಮಿ.ಮೀ.ನಲ್ಲಿ. 75 ಎಂದರೆ ಬದಿಯ ಎತ್ತರ, ಅಗಲದ ಶೇ. 75. ಆರ್ ಎಂದರೆ ರೇಡಿಯಲ್, 15 ರಿಮ್ಮಿನ ಇಂಚು. 100 ಭಾರದ ಸೂಚ್ಯಂಕ, ಅಂದರೆ ಒಂದು ಟಯರ್ 800 ಕಿಲೋ ಹೊರಬಲ್ಲದು. ಎಸ್ ಎಂದರೆ ಗರಿಷ್ಠ ವೇಗ ಗಂಟೆಗೆ 180 ಕಿ.ಮೀ.

ಯುವಕರಿಗೆ ದೊಡ್ಡ ಟಯರ್ ಹಾಕುವ ಆಸೆ ಜಾಸ್ತಿ. 215/75 ಆರ್15 ಜಾಗದಲ್ಲಿ 235/75 ಆರ್15 ಹಾಕಿದರೆ ಚಕ್ರದ ವ್ಯಾಸ 703 ಮಿ.ಮೀ.ನಿಂದ 733ಕ್ಕೆ ಏರುತ್ತದೆ, ಶೇ. 4ಕ್ಕಿಂತ ಹೆಚ್ಚು. ಮೀಟರಿನಲ್ಲಿ 80 ತೋರಿಸುವಾಗ ಗಾಡಿ 83ರಲ್ಲಿರುತ್ತದೆ. ಪಿಕಪ್, ಮೈಲೇಜ್ ಎರಡೂ ಇಳಿಯುತ್ತದೆ, ತಿರುವಿನಲ್ಲಿ ಟಯರ್ ಮಡ್‌ಗಾರ್ಡಿಗೆ ಉಜ್ಜಬಹುದು. ದಿನದ ಓಡಾಟಕ್ಕೆ ಕಂಪನಿ ಕೊಟ್ಟ ಸೈಜೇ ಸರಿ. ಭಾರದ ಅಂಕಿ ಕಂಪನಿಯದ್ದಕ್ಕಿಂತ ಕಡಿಮೆ ಇರುವ ಟಯರನ್ನು ಯಾವತ್ತೂ ಹಾಕಿಸಬೇಡಿ.

ಯಾವ ಬಗೆ?

ಎಸ್‌ಯುವಿ ಟಯರಿನಲ್ಲಿ ಮುಖ್ಯವಾಗಿ ಮೂರು ಬಗೆ. ಎಚ್‌ಟಿ ಎಂದರೆ ಹೈವೇಗೆ, ಎಟಿ ಎಂದರೆ ಡಾಂಬರು-ಮಣ್ಣು ಎರಡಕ್ಕೂ, ಎಂಟಿ ಎಂದರೆ ಕೆಸರಿಗೆ. ತಲಪಾಡಿಯಿಂದ ಚೆಂಗಳದವರೆಗಿನ ಷಟ್ಪಥದಲ್ಲೇ ಹೆಚ್ಚು ಓಡುವವರಿಗೆ ಎಚ್‌ಟಿ ಸಾಕು. ಶಬ್ದ ಕಡಿಮೆ, ಒದ್ದೆ ಡಾಂಬರಿನಲ್ಲಿ ಹಿಡಿತ ಒಳ್ಳೆಯದು, ಡೀಸೆಲ್ ಉಳಿತಾಯ. ಬಂದಡ್ಕ, ಪೆರ್ಲ ಕಡೆಯ ಗುಡ್ಡದ ಮನೆಗೆ ಮುರಕಲ್ಲಿನ ಕಚ್ಚಾ ರಸ್ತೆಯಲ್ಲಿ ದಿನಾ ಹತ್ತುವವರು ಎಟಿ ನೋಡಬಹುದು. ಎಂಟಿ ಹಾಕಿ ಮಂಗಳೂರಿಗೆ ಓಡಾಡಿದರೆ ಶಬ್ದಕ್ಕೆ ಕಿವಿ ನೋಯುತ್ತದೆ, ಮಳೆಯ ಡಾಂಬರಿನಲ್ಲಿ ಬ್ರೇಕ್ ಹಿಡಿಯುವುದೂ ಕಷ್ಟ.

ಹಣದ ಲೆಕ್ಕ

ಹೊಸ ನಾಲ್ಕು ಟಯರಿಗೆ 24,000 ರೂ. ಆಗಿ, 40,000 ಕಿ.ಮೀ. ಓಡಿದರೆ ಕಿ.ಮೀ.ಗೆ 60 ಪೈಸೆ. ಸೆಕೆಂಡ್‌ಹ್ಯಾಂಡ್ ನಾಲ್ಕಕ್ಕೆ 6,000 ರೂ. ಕೊಟ್ಟು, 8,000 ಕಿ.ಮೀ. ಓಡಿದರೆ ಕಿ.ಮೀ.ಗೆ 75 ಪೈಸೆ. ಅಗ್ಗದ್ದೇ ದುಬಾರಿ! ಅದರ ಮೇಲೆ ಒಳಗಿನ ಪೆಟ್ಟು, ಹಳೆಯ ಪ್ಯಾಚ್ ಕಣ್ಣಿಗೆ ಕಾಣುವುದೂ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಹೊಸ ಟಯರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 5,000 ರೂ. ಇದ್ದರೆ ಮೊದಲು 6,400, ಈಗ 5,900. ಬಿಲ್ಲಿನಲ್ಲಿ 18 ಇದೆಯಾ ಅಂತ ನೋಡಿ. "ಬಿಲ್ ಬೇಡಾಂದ್ರೆ ಕಡಿಮೆ ಮಾಡ್ತೇನೆ" ಎಂದರೆ ಒಪ್ಪಬೇಡಿ, ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಆಗುವುದಿಲ್ಲ.

ನಾಲ್ಕಕ್ಕೆ ಹಣ ಸಾಲದಿದ್ದರೆ ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಹಾಕಿಸಿ, ಆ ಹೊಸದೆರಡನ್ನು ಹಿಂದಿನ ಚಕ್ರಕ್ಕೇ ಹಾಕಿಸಿ. ಮುಂದಿನದು ಜಾರಿದರೆ ಆಕ್ಸಿಲರೇಟರ್ ಬಿಟ್ಟು ಹೇಗಾದರೂ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ನನಗಾದಂತೆ ಗಾಡಿಯೇ ತಿರುಗುತ್ತದೆ. ಫೋರ್ ವೀಲ್ ಡ್ರೈವ್ ಆದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಒಳ್ಳೆಯದು.

ಅಂಗಡಿಯಲ್ಲಿ

ನನಗೆ ಒಮ್ಮೆ ಒಂದು ಅಂಗಡಿಯಲ್ಲಿ "ಹೊಸ ಸ್ಟಾಕ್" ಎಂದು ಮೂರು ವರ್ಷ ಹಳೆಯ ಟಯರ್ ತೋರಿಸಿದರು. ಇಸವಿ ಓದಿ ಹೇಳಿದ ಮೇಲೆ ಒಳಗಿನಿಂದ ಬೇರೆ ಬಂತು. ಆದ್ದರಿಂದ ರಿಮ್ಮಿಗೆ ಏರಿಸುವ ಮೊದಲೇ ಇಸವಿ ಮತ್ತು ಐಎಸ್‌ಐ ಗುರುತು ನೋಡಿ. ಟಯರಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ.

ಕಡಲ ಕರೆಯ ಉಪ್ಪುಗಾಳಿಗೆ ಹಳೆಯ ಕಬ್ಬಿಣದ ರಿಮ್ಮಿನ ಅಂಚು ತುಕ್ಕು ಹಿಡಿದಿರುತ್ತದೆ. ಅದನ್ನು ಉಜ್ಜಿ ಶುಚಿ ಮಾಡಿಸದಿದ್ದರೆ ಹೊಸ ಟ್ಯೂಬ್‌ಲೆಸ್ ಟಯರಿನಿಂದಲೂ ಗಾಳಿ ಮೆಲ್ಲಗೆ ಇಳಿಯುತ್ತದೆ. ವಾಲ್ವ್ ಹೊಸದೇ ಹಾಕಿಸಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ ಮಾಡಿಸಿ.

ಹಾಕಿಸಿದ ಮೇಲೆ

ಗಾಳಿ ಎಷ್ಟು ಬೇಕೆಂದು ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರ್ ಅಥವಾ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿಸಿ. 8,000ದಿಂದ 10,000 ಕಿ.ಮೀ.ಗೊಮ್ಮೆ ಚಕ್ರಗಳನ್ನು ಅದಲುಬದಲು ಮಾಡಿಸಿ. ಹಿಂಬಾಗಿಲಿನಲ್ಲಿ ಬಿಸಿಲಿಗೆ ಒಣಗುವ ಸ್ಟೆಪ್ನಿಯ ಇಸವಿಯನ್ನೂ ಮರೆಯಬೇಡಿ. ಅಂಗಳದಲ್ಲೇ ನಿಲ್ಲುವ ಗಾಡಿಯಾದರೆ ವಾರಕ್ಕೊಮ್ಮೆ ಯಾರಾದರೂ ಓಡಿಸಲಿ, ಟಯರಿಗೆ ನೇರ ಬಿಸಿಲು ಬೀಳದಿರಲಿ.

ಇಂದು ಮಗ್ರಿಬ್‌ಗೆ ಮುಂಚೆ ಐದು ನಿಮಿಷ ಬಿಡುವು ಮಾಡಿ. ಮೊಬೈಲಿನ ಟಾರ್ಚ್ ಹಿಡಿದು ನಿಮ್ಮ ಗಾಡಿಯ ಐದೂ ಟಯರಿನ ಇಸವಿ ಓದಿ ಬರೆದಿಟ್ಟುಕೊಳ್ಳಿ. ಭಾವನೋ ಅಣ್ಣನೋ ಗಲ್ಫ್‌ನಲ್ಲಿದ್ದರೆ, ಅವರ ಗಾಡಿಯದ್ದನ್ನೂ ನೋಡಿ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿ. ರಜೆಗೆ ಬಂದ ಮೊದಲ ದಿನವೇ ಮಕ್ಕಳನ್ನು ಕೂರಿಸಿಕೊಂಡು ಹೊರಡುವುದು ಅದೇ ಗಾಡಿಯಲ್ಲಿ.