ಎನ್‌ಎಫ್‌ಎಲ್ ಡ್ರಾಫ್ಟ್ ದಿನದ ಸರದಿ ವಿನಿಮಯ

ಕಾಲೇಜು ಆಟ ಮುಗಿಸಿ ಬರುವ ಹೊಸ ಆಟಗಾರರನ್ನು ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿವರ್ಷ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಒಂದೊಂದು ಸರದಿಯನ್ನೂ ಪಿಕ್ ಎನ್ನುತ್ತಾರೆ. ಪಿಕ್‌ಗಳನ್ನು ತಂಡಗಳು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಬೇಗ ಬರುವ ಪಿಕ್ ಬೇಕಾದ ತಂಡ ತಡವಾಗಿ ಬರುವ ಹಲವು ಪಿಕ್‌ಗಳನ್ನು ಕೊಟ್ಟು ಮೇಲೇರುತ್ತದೆ, ಹೆಚ್ಚು ಆಟಗಾರರು ಬೇಕಾದ ತಂಡ ತನ್ನ ಸ್ಥಾನ ಬಿಟ್ಟುಕೊಟ್ಟು ಕೆಳಗಿಳಿಯುತ್ತದೆ. ಐಪಿಎಲ್ ಹರಾಜಿನಂತೆ ಇಲ್ಲಿ ಹಣ ಕೂಗುವುದಿಲ್ಲ. ಹೊಸ ಆಟಗಾರನ ಸಂಬಳ ಅವನು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರಿಂದಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಹಾಗಾಗಿ ತಂಡಗಳ ನಡುವಿನ ವ್ಯವಹಾರದಲ್ಲಿ ಪಿಕ್‌ಗಳೇ ಹಣದ ಜಾಗದಲ್ಲಿರುತ್ತವೆ.

ಈ ವ್ಯವಸ್ಥೆಯನ್ನು 1935ರಲ್ಲಿ ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್. ಒಳ್ಳೆಯ ಆಟಗಾರರೆಲ್ಲ ಶ್ರೀಮಂತ ತಂಡಗಳ ಪಾಲಾಗಿ ಈಗಲ್ಸ್‌ನಂಥ ತಂಡಗಳು ಸೋಲುತ್ತಲೇ ಇದ್ದ ಕಾಲ ಅದು. ಕಳೆದ ವರ್ಷ ಕೊನೆಗೆ ನಿಂತವರು ಈ ವರ್ಷ ಮೊದಲು ಆರಿಸಲಿ ಎಂಬ ಅವರ ಸೂತ್ರ ಇಂದಿಗೂ ಡ್ರಾಫ್ಟ್‌ನ ಬುನಾದಿ. ಮೊದಲ ಡ್ರಾಫ್ಟ್ 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ನಡೆಯಿತು. ಬೆಲ್ ಅವರ ತಂಡವೇ ಮೊದಲ ಸರದಿಯಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್‌ನನ್ನು ಆರಿಸಿತು. ಆತನೊಡನೆ ಒಪ್ಪಂದ ಕುದುರದೆ ಹಕ್ಕನ್ನು ಶಿಕಾಗೊ ಬೇರ್ಸ್‌ಗೆ ಬಿಟ್ಟುಕೊಟ್ಟಿತು. ಬರ್ವ್ಯಾಂಗರ್ ವೃತ್ತಿಪರ ಆಟದ ಮೈದಾನಕ್ಕೆ ಇಳಿಯಲೇ ಇಲ್ಲ. ಡ್ರಾಫ್ಟ್‌ನ ಚರಿತ್ರೆಯಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನೇ ವಿನಿಮಯದ ವಸ್ತುವಾಗಿ, ಕೊನೆಗೆ ಎರಡೂ ತಂಡಗಳಿಗೆ ದಕ್ಕದೆ ಹೋದ.

ಈಗ ಡ್ರಾಫ್ಟ್ ಏಪ್ರಿಲ್ ಕೊನೆಯ ಹೊತ್ತಿಗೆ ಮೂರು ದಿನ ನಡೆಯುತ್ತದೆ. 1994ರಿಂದ, ತಂಡಗಳಿಗೆ ಒಂದೊಂದು ಸರದಿ ಬರುವ ಏಳು ಸುತ್ತುಗಳಿವೆ. ಹಿಂದಿನ ಸಾಲಿನ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದ ತಂಡಕ್ಕೆ ಪ್ರತಿ ಸುತ್ತಿನಲ್ಲೂ ಕೊನೆಯ ಸರದಿ.

ಗಡಿಯಾರದ ಒತ್ತಡ

ಪ್ರತಿ ಪಿಕ್‌ಗೂ ಕಾಲಮಿತಿ ಇದೆ. ಮೊದಲ ಸುತ್ತಿನಲ್ಲಿ 15 ನಿಮಿಷ ಇದ್ದುದನ್ನು 2008ರಲ್ಲಿ 10ಕ್ಕೆ ಇಳಿಸಲಾಯಿತು, ನಂತರದ ಸುತ್ತುಗಳಲ್ಲಿ ಅದು ಇನ್ನೂ ಕಡಿಮೆ. ಈ ಅವಧಿಯೊಳಗೆ ಎರಡು ತಂಡಗಳು ಫೋನಿನಲ್ಲಿ ಮಾತಾಡಿ, ಬೆಲೆ ಕುದುರಿಸಿ, ಇಬ್ಬರೂ ಲೀಗ್‌ಗೆ ತಿಳಿಸಬೇಕು. ಎರಡೂ ಕಡೆಯ ಮಾತು ಲೀಗ್‌ಗೆ ಮುಟ್ಟದಿದ್ದರೆ ವಿನಿಮಯ ಆಗಲಿಲ್ಲವೆಂದೇ ಲೆಕ್ಕ. ಸಮಯ ಮೀರಿದರೆ ಪಿಕ್ ರದ್ದಾಗುವುದಿಲ್ಲ, ಆದರೆ ನಂತರದ ಸರದಿಯ ತಂಡ ನುಗ್ಗಿ ಹೆಸರು ಕೊಟ್ಟುಬಿಡಬಹುದು.

2003ರಲ್ಲಿ ಮಿನೆಸೋಟ ವೈಕಿಂಗ್ಸ್‌ಗೆ ಆದದ್ದು ಅದೇ. ಏಳನೆಯ ಪಿಕ್ ಅವರದು. ಬಾಲ್ಟಿಮೋರ್ ರೇವನ್ಸ್ ತಂಡ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಆಟಗಾರ) ಬೈರನ್ ಲೆಫ್ಟ್‌ವಿಚ್‌ಗಾಗಿ ಮೇಲೇರಲು ಮಾತುಕತೆ ನಡೆಸಿತ್ತು. ಒಪ್ಪಂದ ಸಕಾಲದಲ್ಲಿ ಲೀಗ್‌ಗೆ ತಲುಪಲಿಲ್ಲ, ಗಡಿಯಾರ ಸೊನ್ನೆಗೆ ಬಂತು. ಎಂಟನೆಯ ಸರದಿಯ ಜಾಕ್ಸನ್‌ವಿಲ್ ಜಾಗ್ವಾರ್ಸ್ ಕಾಯಲಿಲ್ಲ, ಲೆಫ್ಟ್‌ವಿಚ್ ಹೆಸರನ್ನೇ ಕೊಟ್ಟುಬಿಟ್ಟಿತು. ಹಿಂದೆಯೇ ಕ್ಯಾರೊಲೈನಾ ಪ್ಯಾಂಥರ್ಸ್ ಜಾರ್ಡನ್ ಗ್ರಾಸ್‌ನನ್ನು ಆರಿಸಿತು. ಎರಡು ಸ್ಥಾನ ಕಳೆದುಕೊಂಡ ವೈಕಿಂಗ್ಸ್ ಒಂಬತ್ತನೆಯದಾಗಿ ಕೆವಿನ್ ವಿಲಿಯಮ್ಸ್‌ನನ್ನು ತೆಗೆದುಕೊಂಡಿತು. ಆತ ಮುಂದೆ ತನ್ನ ಕಾಲದ ಅತ್ಯುತ್ತಮ ಡಿಫೆನ್ಸಿವ್ ಟ್ಯಾಕಲ್‌ಗಳಲ್ಲಿ (ರಕ್ಷಣಾ ಸಾಲಿನ ನಡುವೆ ಆಡುವವರಲ್ಲಿ) ಒಬ್ಬನಾದ. ಕೈತಪ್ಪಿದ ರೇವನ್ಸ್ ಅದೇ ದಿನ ಬೇರೊಬ್ಬ ಕ್ವಾರ್ಟರ್‌ಬ್ಯಾಕ್ ಕೈಲ್ ಬೋಲರ್‌ಗಾಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಎರಡನೆಯ ಸುತ್ತಿನ ಪಿಕ್ ಜೊತೆಗೆ ಮರುವರ್ಷದ ಮೊದಲ ಸುತ್ತಿನ ಪಿಕ್ಕನ್ನೂ ಕೊಟ್ಟಿತು. ಬೋಲರ್ ನೆಲೆಯೂರಲಿಲ್ಲ. ಪೇಟ್ರಿಯಟ್ಸ್ ಆ ಮರುವರ್ಷದ ಪಿಕ್‌ನಲ್ಲಿ ವಿನ್ಸ್ ವಿಲ್‌ಫೋರ್ಕ್‌ನನ್ನು ಪಡೆದು ವರ್ಷಗಟ್ಟಲೆ ರಕ್ಷಣಾ ಸಾಲಿನ ನಡುವೆ ನಿಲ್ಲಿಸಿಕೊಂಡಿತು. ಆಸೆಪಟ್ಟದ್ದು ತಪ್ಪಿದ ಕೂಡಲೇ ಬದಲಿಗೆ ದುಬಾರಿ ಬೆಲೆ ತೆರುವುದು ಡ್ರಾಫ್ಟ್ ದಿನ ಮತ್ತೆಮತ್ತೆ ಕಾಣುವ ತಪ್ಪು.

ಬೆಲೆಪಟ್ಟಿ

1989ರಲ್ಲಿ ಡಾಲಸ್ ಕೌಬಾಯ್ಸ್ ತಂಡವನ್ನು ಜೆರ್ರಿ ಜೋನ್ಸ್ ಕೊಂಡರು, ಜಿಮ್ಮಿ ಜಾನ್ಸನ್ ಕೋಚ್ ಆಗಿ ಬಂದರು. ಅದೇ ಅಕ್ಟೋಬರಿನಲ್ಲಿ ತಂಡದ ತಾರೆ ಹರ್ಶೆಲ್ ವಾಕರ್‌ನನ್ನು ವೈಕಿಂಗ್ಸ್‌ಗೆ ಕೊಟ್ಟು ಆಟಗಾರರನ್ನೂ ರಾಶಿ ಪಿಕ್‌ಗಳನ್ನೂ ಪಡೆದರು. ಆ ಪಿಕ್‌ಗಳನ್ನು ಮತ್ತೆ ಮಾರುತ್ತ, ಕೂಡಿಸುತ್ತ, ಡ್ರಾಫ್ಟ್ ದಿನಗಳಲ್ಲಿ ಲೀಗ್‌ನಲ್ಲೇ ಹೆಚ್ಚು ವಹಿವಾಟು ನಡೆಸಿದ ತಂಡವಾಯಿತು ಡಾಲಸ್. 1990ರಲ್ಲಿ 21ರಿಂದ 17ಕ್ಕೆ ಏರಿ ಓಟಗಾರ (ಚೆಂಡು ಹಿಡಿದು ಓಡುವವ) ಎಮಿಟ್ ಸ್ಮಿತ್‌ನನ್ನು ಪಡೆದದ್ದು ಅದರ ಒಂದು ಫಲ. 1990ರ ದಶಕದಲ್ಲಿ ಮೂರು ಸೂಪರ್ ಬೌಲ್ ಗೆದ್ದ ತಂಡದ ತಳಪಾಯ ಬಿದ್ದದ್ದು ಹೀಗೆ.

ಇಷ್ಟು ವಹಿವಾಟಿಗೆ ಅಳತೆಗೋಲು ಬೇಕಾಯಿತು. ಜೋನ್ಸ್ ಅವರ ವ್ಯವಹಾರ ಪಾಲುದಾರ ಮೈಕ್ ಮೆಕಾಯ್ ಹಿಂದಿನ ವಿನಿಮಯಗಳನ್ನೆಲ್ಲ ಮುಂದಿಟ್ಟುಕೊಂಡು ಪ್ರತಿ ಪಿಕ್‌ಗೂ ಅಂಕ ಕಟ್ಟಿದರು. ಜಿಮ್ಮಿ ಜಾನ್ಸನ್ ಪಟ್ಟಿ ಎಂದು ಹೆಸರಾದ ಅದರಲ್ಲಿ ಮೊದಲ ಪಿಕ್‌ಗೆ 3000 ಅಂಕ, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300, ಹದಿನಾರನೆಯದಕ್ಕೆ 1000, ಮೊದಲ ಸುತ್ತಿನ ಕೊನೆಯದಕ್ಕೆ 590. ಡಾಲಸ್‌ನಿಂದ ಬೇರೆ ತಂಡಗಳಿಗೆ ಹೋದ ಕೋಚ್‌ಗಳ ಜೊತೆ ಪಟ್ಟಿಯೂ ಹೋಯಿತು, ಕೆಲವೇ ವರ್ಷಗಳಲ್ಲಿ ಲೀಗ್‌ಗೆಲ್ಲ ಅದೇ ಮಾತಿನ ಭಾಷೆಯಾಯಿತು. ಎದುರಿನವನೂ ಅದೇ ಅಂಕ ನೋಡುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಚೌಕಾಸಿ ಮುಗಿಸಬಹುದು. ಅದರ ಬಲ ಅಲ್ಲಿದೆ. ದೌರ್ಬಲ್ಯ ಅದು ಹುಟ್ಟಿದ ಬಗೆಯಲ್ಲಿದೆ: ತಂಡಗಳು ಹಿಂದೆ ಎಷ್ಟು ಕೊಟ್ಟಿದ್ದವು ಎಂಬುದನ್ನಷ್ಟೇ ಅದು ದಾಖಲಿಸಿತು. ಆಯ್ಕೆಯಾದ ಆಟಗಾರ ಆ ಬೆಲೆಗೆ ತಕ್ಕವನಾದನೇ ಎಂಬುದು ಅದರ ಲೆಕ್ಕದಲ್ಲಿ ಇರಲೇ ಇಲ್ಲ.

ಪಟ್ಟಿ ಕೆಲಸ ಮಾಡುವುದನ್ನು 2017ರ ಒಂದೇ ರಾತ್ರಿಯ ಎರಡು ವಿನಿಮಯಗಳಲ್ಲಿ ನೋಡಬಹುದು. ಮೂರನೆಯ ಸ್ಥಾನದಲ್ಲಿದ್ದ ಶಿಕಾಗೊ ಬೇರ್ಸ್ ಒಂದೇ ಒಂದು ಸ್ಥಾನ ಮೇಲೇರಲು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ 3, 67 ಮತ್ತು 111ನೆಯ ಪಿಕ್‌ಗಳನ್ನೂ ಮರುವರ್ಷದ ಮೂರನೆಯ ಸುತ್ತಿನ ಪಿಕ್ಕನ್ನೂ ಕೊಟ್ಟಿತು. ಆ ವರ್ಷದ ಮೂರನ್ನು ಕೂಡಿದರೆ 2200, 255, 72, ಒಟ್ಟು 2527. ಮರುವರ್ಷದ್ದನ್ನೂ ಸೇರಿಸಿಕೊಂಡರೆ 2600ಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದೇ ಸಂಜೆ ಕ್ಯಾನ್ಸಸ್ ಸಿಟಿ ಚೀಫ್ಸ್ 27ರಿಂದ 10ಕ್ಕೆ ಏರಲು ಬಫಲೊ ಬಿಲ್ಸ್‌ಗೆ 27 ಮತ್ತು 91ನೆಯ ಪಿಕ್‌ಗಳ ಜೊತೆ ಮರುವರ್ಷದ ಮೊದಲ ಸುತ್ತಿನದನ್ನು ಕೊಟ್ಟಿತು. ಮೊದಲ ಎರಡು ಸೇರಿ 816 ಅಂಕ. ಮರುವರ್ಷದ ಪಿಕ್ಕನ್ನು ಒಂದು ಸುತ್ತು ಇಳಿಸಿ ಎಣಿಸುವುದು ರೂಢಿ, ಅಂದರೆ ಎರಡನೆಯ ಸುತ್ತಿನ ನಡುವಿನ 420 ಅಂಕ. ಒಟ್ಟು 1236, ಹತ್ತನೆಯ ಪಿಕ್‌ನ 1300ಕ್ಕೆ ಹತ್ತಿರ. ಪಟ್ಟಿಯ ಪ್ರಕಾರ ಎರಡೂ ನ್ಯಾಯವಾದ ಬೆಲೆಯೇ. ಬೇರ್ಸ್ ಪಡೆದದ್ದು ಕ್ವಾರ್ಟರ್‌ಬ್ಯಾಕ್ ಮಿಚೆಲ್ ಟ್ರುಬಿಸ್ಕಿಯನ್ನು, ಚೀಫ್ಸ್ ಪಡೆದದ್ದು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು. ಒಬ್ಬ ನಾಲ್ಕು ವರ್ಷದಲ್ಲಿ ಶಿಕಾಗೊ ಬಿಟ್ಟ, ಇನ್ನೊಬ್ಬ ಮೂರು ಸೂಪರ್ ಬೌಲ್ ಗೆಲ್ಲಿಸಿದ. ಹನ್ನೊಂದನೆಯ ಸರದಿಯ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಕೂಡ ಮಹೋಮ್ಸ್ ಮೇಲೆ ಕಣ್ಣಿಟ್ಟಿತ್ತು. ಚೀಫ್ಸ್ ಸರಿಯಾಗಿ ಅದರ ಮುಂದಿನ ಸ್ಥಾನವನ್ನೇ ಕೊಂಡಿತು. ಯಾರಿಗೆ ಯಾರು ಬೇಕು ಎಂದು ಊಹಿಸಿ ಅವರಿಗಿಂತ ಒಂದೇ ಹೆಜ್ಜೆ ಮುಂದೆ ನಿಲ್ಲುವ ಈ ನಡೆಯನ್ನು ಯಾವ ಅಂಕಪಟ್ಟಿಯೂ ಹೇಳಿಕೊಡಲಾರದು.

ಸೋತವರ ಶಾಪ

ಸಂಶೋಧಕ ಕೇಡ್ ಮ್ಯಾಸಿ ಮತ್ತು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಈ ಮಾರುಕಟ್ಟೆಯನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಥೇಲರ್‌ಗೆ ಮುಂದೆ 2017ರಲ್ಲಿ ನೊಬೆಲ್ ಬಂತು. 2005ರಲ್ಲಿ ಮೊದಲು ಹೊರಬಂದು 2013ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ಅವರ ಪ್ರಬಂಧದ ಹೆಸರೇ ಸೋತವರ ಶಾಪ. ಆಟಗಾರನ ಸಾಧನೆಯಿಂದ ಅವನ ಸಂಬಳ ಕಳೆದರೆ ತಂಡಕ್ಕೆ ಉಳಿಯುವ ಲಾಭ ಮೊದಮೊದಲ ಪಿಕ್‌ಗಳಿಗಿಂತ ಮೊದಲ ಸುತ್ತಿನ ಕೊನೆ ಮತ್ತು ಎರಡನೆಯ ಸುತ್ತಿನ ಹೊತ್ತಿಗೆ ಹೆಚ್ಚು ಎಂದು ಅವರು ತೋರಿಸಿದರು. ಅಂದರೆ ದುರ್ಬಲ ತಂಡಕ್ಕೆ ವರವೆಂದು ಕೊಟ್ಟ ಮೊದಲ ಪಿಕ್ಕನ್ನು ಹಾಗೆಯೇ ಬಳಸಿಕೊಂಡರೆ ಲಾಭ ಕಡಿಮೆ, ಅದನ್ನು ಮಾರಿದರೆ ಹೆಚ್ಚು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಂಭವ ಶೇ. 52 ಮಾತ್ರ. ಮುಂದಿನ ವರ್ಷಗಳ ಪಿಕ್‌ಗಳನ್ನು ತಂಡಗಳು ತೀರಾ ಅಗ್ಗಕ್ಕೆ ಬಿಟ್ಟುಕೊಡುತ್ತವೆ ಎಂಬುದೂ ಅವರ ತೀರ್ಮಾನ. ತಂಡದ ಆಟಗಾರರ ಆಯ್ಕೆ ನೋಡಿಕೊಳ್ಳುವ, ಕೆಲಸ ಉಳಿಸಿಕೊಳ್ಳಬೇಕಾದ ಜನರಲ್ ಮ್ಯಾನೇಜರ್‌ಗೆ ಎರಡು ವರ್ಷದಾಚೆಯ ಪಿಕ್ ತನ್ನ ಉತ್ತರಾಧಿಕಾರಿಯ ಆಸ್ತಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಈ ಲೆಕ್ಕಾಚಾರದ ಒಂದು ಭಾಗವನ್ನು, ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆಗಿ ಹೊಸಬರ ಸಂಬಳಕ್ಕೆ ಮಿತಿ ಹಾಕಿದ 2011ರ ಕಾರ್ಮಿಕ ಒಪ್ಪಂದ ಬದಲಿಸಿತು. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್‌ನ ಒಪ್ಪಂದದಲ್ಲಿ 5 ಕೋಟಿ ಡಾಲರ್ ಖಾತರಿ ಹಣವೇ ಇತ್ತು. ಮರುವರ್ಷ ಅದೇ ಸ್ಥಾನದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು ಸಿಕ್ಕದ್ದು ಸುಮಾರು 2.2 ಕೋಟಿ. ಮೇಲಿನ ಪಿಕ್‌ಗಳು ಹೊರೆಯಾಗುವುದು ಕಡಿಮೆಯಾಯಿತು, ಅಗ್ಗದ ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ಉಳಿದ ಸಂಬಳದ ಹಣದಲ್ಲಿ ಬಲವಾದ ತಂಡ ಕಟ್ಟಬಹುದೆಂಬ ಹೊಸ ಆಸೆ ಹುಟ್ಟಿತು. ಮೊದಲ ಸುತ್ತಿನವರಿಗೆ ಮಾತ್ರ ಐದನೆಯ ವರ್ಷವೂ ಉಳಿಸಿಕೊಳ್ಳುವ ಅಧಿಕಾರ ತಂಡಕ್ಕಿದೆ. ಮೊದಲ ಸುತ್ತಿನ ಕೊನೆಯ ಪಿಕ್‌ಗಳಿಗೆ ಬೇಡಿಕೆ ಬರಲು ಇದೊಂದು ಕಾರಣ. 2018ರಲ್ಲಿ ರೇವನ್ಸ್ ಮರುವರ್ಷದ ಎರಡನೆಯ ಸುತ್ತಿನ ಪಿಕ್ಕನ್ನೂ ಸೇರಿಸಿ ಕೊಟ್ಟು ಈಗಲ್ಸ್‌ನಿಂದ 32ನೆಯ ಪಿಕ್ ಪಡೆದು ಲಮಾರ್ ಜ್ಯಾಕ್ಸನ್‌ನನ್ನು ಆರಿಸಿತು. ಆತ 2019ರಲ್ಲೂ 2023ರಲ್ಲೂ ಲೀಗ್‌ನ ಅತ್ಯಮೂಲ್ಯ ಆಟಗಾರನಾದ.

ದೊಡ್ಡ ಜೂಜುಗಳು

ಒಬ್ಬನಿಗಾಗಿ ಎಲ್ಲವನ್ನೂ ಕೊಡುವುದಕ್ಕೆ ಹೆಸರಾದ ಉದಾಹರಣೆ 1999ರದು. ಸೇಂಟ್ಸ್ ಕೋಚ್ ಮೈಕ್ ಡಿಟ್ಕಾ ಓಟಗಾರ ರಿಕಿ ವಿಲಿಯಮ್ಸ್‌ನಿಗಾಗಿ ಆ ವರ್ಷ ತಮ್ಮ ಬಳಿಯಿದ್ದ ಆರೂ ಪಿಕ್‌ಗಳನ್ನು, ಮರುವರ್ಷದ ಎರಡರ ಜೊತೆಗೆ ವಾಷಿಂಗ್ಟನ್ ತಂಡಕ್ಕೆ ಕೊಟ್ಟರು. ಸೇಂಟ್ಸ್ 3 ಪಂದ್ಯ ಗೆದ್ದು 13 ಸೋತಿತು, ಡಿಟ್ಕಾ ಕೆಲಸ ಕಳೆದುಕೊಂಡರು. ಆ ಸೋಲಿನಿಂದಾಗಿಯೇ ಮರುವರ್ಷದ ಪಿಕ್ ಎರಡನೆಯ ಸ್ಥಾನಕ್ಕೇರಿ ವಾಷಿಂಗ್ಟನ್‌ಗೆ ಲವಾರ್ ಆರಿಂಗ್ಟನ್‌ನನ್ನು ತಂದುಕೊಟ್ಟಿತು. ಭವಿಷ್ಯದ ಪಿಕ್ ಕೊಡುವವರು ನೆನಪಿಡಬೇಕಾದದ್ದು ಇದೇ: ವಿನಿಮಯ ಕೆಟ್ಟಷ್ಟೂ ಕೊಟ್ಟದ್ದರ ಬೆಲೆ ಏರುತ್ತದೆ.

ಕ್ವಾರ್ಟರ್‌ಬ್ಯಾಕ್‌ಗಾಗಿ ನಡೆಯುವ ಅತಿ ದುಬಾರಿ ಒಪ್ಪಂದಗಳು ಈಗ ಬಹುಪಾಲು ಡ್ರಾಫ್ಟ್‌ಗೆ ವಾರಗಳ ಮೊದಲೇ ಮುಗಿಯುತ್ತವೆ. 2012ರ ಮಾರ್ಚಿನಲ್ಲಿ ಅದೇ ವಾಷಿಂಗ್ಟನ್ ರಾಬರ್ಟ್ ಗ್ರಿಫಿನ್‌ಗಾಗಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಮೂರು ವರ್ಷದ ಮೊದಲ ಸುತ್ತುಗಳನ್ನೂ ಒಂದು ಎರಡನೆಯ ಸುತ್ತನ್ನೂ ಕೊಟ್ಟಿತು. ಗ್ರಿಫಿನ್ ಮೊದಲ ವರ್ಷ ಬೆರಗಾಗುವಂತೆ ಆಡಿದ, ಮೊಣಕಾಲಿನ ಗಾಯದ ನಂತರ ಮೊದಲಿನಂತಾಗಲಿಲ್ಲ. 2014ರ ಡಿಸೆಂಬರಿನಲ್ಲಿ ಎರಡು ತಂಡಗಳು ಎದುರಾದಾಗ ರ‍್ಯಾಮ್ಸ್ ಕೋಚ್ ಜೆಫ್ ಫಿಶರ್ ಟಾಸ್‌ಗೆ ನಾಯಕರೆಂದು ಕಳಿಸಿದ್ದು ಆರು ಜನರನ್ನು. ಆರೂ ಜನ ಆ ವಿನಿಮಯದ ಪಿಕ್‌ಗಳಿಂದ ಬಂದವರು. ರ‍್ಯಾಮ್ಸ್ 24–0 ಅಂತರದಲ್ಲಿ ಗೆದ್ದಿತು. ಆದರೂ ಆ ಆರು ಜನರಿಂದ ರ‍್ಯಾಮ್ಸ್ ದೊಡ್ಡ ತಂಡವೇನೂ ಆಗಲಿಲ್ಲ. ಪಿಕ್ ಸಂಪಾದಿಸುವುದು ಅರ್ಧ ಕೆಲಸ, ಅದನ್ನು ಸರಿಯಾದ ಹೆಸರಿಗೆ ಖರ್ಚುಮಾಡುವುದು ಇನ್ನರ್ಧ.

2021ರಲ್ಲಿ 49ಅರ್ಸ್ 12ರಿಂದ 3ಕ್ಕೆ ಏರಲು ಮಯಾಮಿ ಡಾಲ್ಫಿನ್ಸ್‌ಗೆ ಮುಂದಿನ ಎರಡು ವರ್ಷದ ಮೊದಲ ಸುತ್ತುಗಳನ್ನೂ ಒಂದು ಮೂರನೆಯ ಸುತ್ತನ್ನೂ ಕೊಟ್ಟು ಟ್ರೇ ಲ್ಯಾನ್ಸ್‌ನನ್ನು ಪಡೆಯಿತು. ಮರುವರ್ಷ 262ನೆಯ, ಅಂದರೆ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್‌ನಲ್ಲಿ ಬ್ರಾಕ್ ಪರ್ಡಿಯನ್ನು ಆರಿಸಿತು. ತಂಡವನ್ನು 2024ರ ಫೆಬ್ರವರಿಯ ಸೂಪರ್ ಬೌಲ್‌ಗೆ ಕರೆದೊಯ್ದವನು ಪರ್ಡಿ. ಲ್ಯಾನ್ಸ್ ಅಷ್ಟರಲ್ಲಿ ಒಂದು ನಾಲ್ಕನೆಯ ಸುತ್ತಿನ ಪಿಕ್‌ಗೆ ಡಾಲಸ್ ಸೇರಿದ್ದ. ಹಾಗೆಂದು ಮೇಲೇರುವುದೇ ತಪ್ಪೆನ್ನಲಾಗದು. ಮಹೋಮ್ಸ್, ಜ್ಯಾಕ್ಸನ್, 2018ರಲ್ಲಿ ಬಫಲೊ ಏಳನೆಯ ಸ್ಥಾನಕ್ಕೇರಿ ಪಡೆದ ಜಾಶ್ ಆಲನ್, ಮೂವರೂ ಮೇಲೇರಿಯೇ ಸಿಕ್ಕವರು. ಕ್ವಾರ್ಟರ್‌ಬ್ಯಾಕ್ ಒಬ್ಬ ದಶಕದ ಭವಿಷ್ಯ ಬದಲಿಸಬಲ್ಲ, ಆದ್ದರಿಂದ ಅವನ ವಿಷಯದಲ್ಲಿ ಸರಾಸರಿಯ ಲೆಕ್ಕ ಪೂರ್ತಿ ಅನ್ವಯಿಸುವುದಿಲ್ಲ. ಓಟಗಾರನಿಗೋ ಎಸೆದ ಚೆಂಡನ್ನು ಹಿಡಿಯುವ ರಿಸೀವರ್‌ಗೋ ಅದೇ ಬೆಲೆ ತೆರುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

2023ರಲ್ಲಿ ಪ್ಯಾಂಥರ್ಸ್ ಬ್ರೈಸ್ ಯಂಗ್‌ಗಾಗಿ ಬೇರ್ಸ್‌ನಿಂದ ಮೊದಲ ಪಿಕ್ ಕೊಂಡಿತು. ಬೆಲೆಯಲ್ಲಿ ರಿಸೀವರ್ ಡಿ. ಜೆ. ಮೂರ್ ಮತ್ತು ಮರುವರ್ಷದ ಮೊದಲ ಸುತ್ತಿನ ಪಿಕ್ ಸೇರಿದ್ದವು. ಪ್ಯಾಂಥರ್ಸ್ ಆ ವರ್ಷ ಎರಡೇ ಪಂದ್ಯ ಗೆದ್ದಿತು, ಕೊಟ್ಟ ಪಿಕ್ ಇಡೀ ಡ್ರಾಫ್ಟ್‌ನ ಮೊದಲನೆಯದಾಯಿತು, ಬೇರ್ಸ್ ಅದರಲ್ಲಿ ಕೇಲಬ್ ವಿಲಿಯಮ್ಸ್‌ನನ್ನು ಆರಿಸಿತು. 2025ರ ಡ್ರಾಫ್ಟ್ ರಾತ್ರಿ ಜಾಗ್ವಾರ್ಸ್ ದಾಳಿ ಮತ್ತು ರಕ್ಷಣೆ ಎರಡರಲ್ಲೂ ಆಡುವ ಟ್ರಾವಿಸ್ ಹಂಟರ್‌ಗಾಗಿ 5ರಿಂದ 2ಕ್ಕೆ ಏರಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ 2026ರ ಮೊದಲ ಸುತ್ತನ್ನು ಬಿಟ್ಟುಕೊಟ್ಟಿತು. ಬ್ರೌನ್ಸ್ ಐದನೆಯದರಲ್ಲಿ ಮೇಸನ್ ಗ್ರಹಾಂನನ್ನೂ ಜೊತೆಗೆ ಬಂದ 36ನೆಯದರಲ್ಲಿ ಕ್ವಿನ್‌ಶಾನ್ ಜಡ್ಕಿನ್ಸ್‌ನನ್ನೂ ತೆಗೆದುಕೊಂಡಿತು.